ಪಾಯಸ ಒಡೆದಾಗ ಸಿಕ್ಕ ಗುರು

ಶಿವಮಲ್ಲು ಎಂಬ ರೈತ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಕಾರಣ ಇಷ್ಟೇ. ಅವ್ವನ ತಾಳಿಸರದ ಚಿನ್ನದ ಗುಂಡು ಕಾಣೆಯಾದಾಗ ಒಡಹುಟ್ಟಿದ ತಮ್ಮನನ್ನೇ ಬೀದಿಯಲ್ಲಿ ನಿಲ್ಲಿಸಿ ಕಳ್ಳ ಎಂದಿದ್ದ. ಆಮೇಲೆ ಗುಂಡು ಮನೆಯಲ್ಲಿ ರಾಗಿ ತುಂಬಿಡುವ ವಾಡೆಯಲ್ಲೇ ಸಿಕ್ಕಿತು. ಅದನ್ನು ತಮ್ಮನಿಗೆ ಹೇಳಲು ಮಾತ್ರ ಇವನಿಗೆ ಬಾಯಿ ಬರಲಿಲ್ಲ. ತಮ್ಮ ಮಾತು ಬಿಟ್ಟ. ಇವನಿಗೆ ಉಂಡ ಅನ್ನ ಸೇರದಾಯಿತು. ಒಬ್ಬ ಜ್ಞಾನಿ ಗುರು ಸಿಕ್ಕರೆ ಮನಸ್ಸು ತಿಳಿಯಾದೀತು ಎಂದು ಊರೂರು ಅಲೆದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಇವನಿಗೆ ಬೇಕಾಗಿತ್ತು.

ಅದರಲ್ಲೂ ತಪ್ಪೇ ಮಾಡದ ಗುರು ಆಗಬೇಕು! ಒಬ್ಬರು ಪೂಜೆಯಲ್ಲಿ ತೂಕಡಿಸಿದರು, ಬಿಟ್ಟ. ಇನ್ನೊಬ್ಬರಿಗೆ ಹೋಳಿಗೆ ಎಂದರೆ ಪ್ರಾಣ, ಅವರನ್ನೂ ಬಿಟ್ಟ. ಕೊನೆಗೆ ಬೆಟ್ಟದ ಮೇಲಿನ ಒಂದು ಮಠಕ್ಕೆ ಬಂದ. ಅಲ್ಲಿಯ ಸ್ವಾಮಿಗಳನ್ನು ಜನ 'ಬುದ್ಧಿ' ಎಂದು ಕರೆಯುತ್ತಿದ್ದರು. ಅವರ ಮಾತು ಕೇಳಿ, ಇವರೇ ನನ್ನ ಗುರು ಎಂದು ಅಲ್ಲೇ ಉಳಿದ.

ಒಂದು ಸೋಮವಾರ ಊಟದ ಪಂಕ್ತಿಗೆ ಬಡಿಸುವ ಹೊತ್ತಿಗೆ ಪಾಯಸದ ಹಾಲು ಒಡೆದುಹೋಗಿತ್ತು. ಬುದ್ಧಿಯವರು ಅಡುಗೆಯ ದೇವೀರಮ್ಮನನ್ನು ಎಲ್ಲರೆದುರು ಗದರಿದರು. "ಕೈ ಒಲೆ ಹತ್ತಿರ, ಮನಸ್ಸು ಇನ್ನೆಲ್ಲೋ!" ಪಾಪ, ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಪಂಕ್ತಿ ಕುಳಿತಾಗ ಬುದ್ಧಿಯವರು ಆಕೆಯನ್ನು ಕರೆಸಿ ಎದ್ದು ನಿಂತರು. ಕೈ ಮುಗಿದರು.

"ತಾಯಿ, ಆ ಪಾಯಸದ ಪಾತ್ರೆಯಲ್ಲಿ ಮೊದಲು ಹುಣಸೆಹಣ್ಣು ನೆನೆಸಿ ಪೂಜೆಯ ಸಾಮಾನು ಉಜ್ಜಿದವನು ನಾನು. ಸರಿಯಾಗಿ ತೊಳೆಯದೆ ಇಟ್ಟುಬಿಟ್ಟೆ. ಹಾಲು ಒಡೆದದ್ದು ಅದಕ್ಕೇ. ಎಲ್ಲರೆದುರು ಬೈದೆ, ಎಲ್ಲರೆದುರೇ ಹೇಳ್ತೀನಿ, ತಪ್ಪು ನಂದು."

ಅವರು ಹೇಳದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಶಿವಮಲ್ಲು ಗಂಟು ಕಟ್ಟಿದ. ಬಾಗಿಲಲ್ಲಿ ದೇವೀರಮ್ಮ ತಡೆದಳು. "ಎಲ್ಲಿಗ್ ಹೊಂಟೆ ಮಗಾ?"

"ಇವರೂ ತಪ್ಪು ಮಾಡ್ತಾರಲ್ಲವ್ವ. ಗುರು ಹೆಂಗಾದಾರು?"

"ತಪ್ಪು ಯಾರ್ ಮಾಡಲ್ಲಪ್ಪ? ಹಿಂದೆ ನಂಗೆ ಅತ್ತೆ ಬೈದ್ರು, ಗಂಡ ಬೈದ, ಊರವ್ರೂ ಬೈದ್ರು. ತಪ್ಪು ನಂದಲ್ಲ ಅಂತ ಆಮೇಲೆ ಎಲ್ರಿಗೂ ಗೊತ್ತಾಯ್ತು. ಒಬ್ರಾದ್ರೂ ಬಂದು ಹೇಳಿದ್ರಾ? ಇವತ್ತು ಒಬ್ರು ಹೇಳಿದ್ರು. ನನ್ನ ಹೊಟ್ಟೆ ತಣ್ಣಗಾಯ್ತು ಕಣಪ್ಪ."

ಶಿವಮಲ್ಲುವಿಗೆ ತಮ್ಮನ ಮುಖ ಕಣ್ಣಮುಂದೆ ಬಂತು. ತನ್ನ ಕೈಲಿ ಆಗದೇ ಹೋದ ಕೆಲಸವನ್ನು ಬುದ್ಧಿಯವರು ಒಂದೇ ದಿನದಲ್ಲಿ ಮಾಡಿದ್ದರು. ಒಳಗೆ ಹೋಗಿ ಅವರ ಪಾದ ಹಿಡಿದು ಅತ್ತ.

"ಬುದ್ಧೀ, ಅಪ್ಪಣೆ ಕೊಡಿ. ಊರಲ್ಲಿ ನನ್ನ ತಮ್ಮನಿಗೆ ಒಂದು ಮಾತು ಹೇಳೋದಿದೆ."

"ಹೋಗು ಮಗು. ನನ್ನಿಂದ ನೀನು ಕಲಿಯೋದು ಇನ್ನೇನೂ ಉಳಿದಿಲ್ಲ" ಎಂದರು ಬುದ್ಧಿಯವರು.

ಊರಿಗೆ ಬಂದವನೇ ಬೀದಿಯಲ್ಲಿ ನಿಂತು ಹತ್ತು ಜನ ಕೇಳುವ ಹಾಗೆ ಹೇಳಿದ. "ಗುಂಡು ನಮ್ಮ ಮನೇಲೇ ಸಿಕ್ತು. ನನ್ನ ತಮ್ಮ ಕಳ್ಳ ಅಲ್ಲ. ತಪ್ಪು ನಂದು."

ತಮ್ಮ ಹೊರಗೆ ಬಂದು ಅಣ್ಣನ ಹೆಗಲ ಮೇಲಿದ್ದ ಗಂಟು ಇಳಿಸಿಕೊಂಡ. ಆಮೇಲೆ, "ಒಳಗೆ ಬಾ ಅಣ್ಣ, ಊಟ ಮಾಡು" ಎಂದ.

ಶಿವಮಲ್ಲು ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದ. ಆಮೇಲೆ ತಮ್ಮನ ಹಿಂದೆ ಒಳಗೆ ಹೋದ.

ನೀತಿ: ತಪ್ಪೇ ಮಾಡದವರನ್ನು ಹುಡುಕುತ್ತಾ ಹೋದರೆ ಗುರು ಎದುರಿಗಿದ್ದರೂ ಕಾಣುವುದಿಲ್ಲ. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು, ನಮಗೂ ಆ ಧೈರ್ಯ ಕೊಡುವವರೇ ನಿಜವಾದ ಗುರು. ಅಂಥವರೊಬ್ಬರು ನಿಮಗೆ ಸಿಕ್ಕಿದ್ದರೆ ನೀವು ಪುಣ್ಯವಂತರು, ಇವತ್ತೇ ಅವರನ್ನು ನೆನೆದು ಕೈ ಮುಗಿಯಿರಿ.