ತತ್ತಿಮಾಳಿಗೆಗೆ ಆ ಹೆಸರು ಬಂದ ಬಗೆ

ಹಿರೇಸವುಳಿ ಎಂಬ ಊರಿನಿಂದ ಪಡುವಣಕ್ಕೆ ಕೂಗಳತೆಯ ದೂರ ನಡೆದರೆ ಜೋಳದ ಹೊಲದ ನಡುವೆ ಒಂದು ಹಾಳು ವಾಡೆ ಕಾಣುತ್ತದೆ. ಮೂರು ಕಡೆಯ ಗೋಡೆಗಳು ಆಳೆತ್ತರಕ್ಕೆ ಕುಸಿದಿವೆ. ಒಂದು ಮೂಲೆಯಲ್ಲಿ ಮಾತ್ರ ಎರಡು ಅಂಕಣದಷ್ಟು ಮಾಳಿಗೆಯೂ ಗೋಡೆಯೊಳಗೇ ಕಟ್ಟಿದ ಇಕ್ಕಟ್ಟಾದ ಮೆಟ್ಟಿಲೂ ಉಳಿದಿವೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಅಂಗೈ ಗಾತ್ರದ ಅಕ್ಷರಗಳಲ್ಲಿ ‘ರಾಚಪ್ಪ ದೇಸಾಯರ ವಾಡೆ’ ಎಂದು ಕೆತ್ತಿದೆ. ಒಂದಕ್ಷರವೂ ಮಾಸಿಲ್ಲ. ಆದರೆ ದಾರಿಯಲ್ಲಿ ಸಿಕ್ಕವರನ್ನು ರಾಚಪ್ಪ ದೇಸಾಯರ ವಾಡೆ ಎಲ್ಲಿ ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ತತ್ತಿಮಾಳಿಗೆ ಎಲ್ಲಿ ಎಂದರೆ ಆಡುವ ಮಕ್ಕಳೂ ಬೆರಳು ತೋರಿಸುತ್ತವೆ. ತತ್ತಿ ಎಂದರೆ ಈ ಸೀಮೆಯಲ್ಲಿ ಮೊಟ್ಟೆ. ದೇಸಾಯಿಯ ಹೆಸರು ಕಲ್ಲಿನಲ್ಲೇ ಉಳಿದು ಹಕ್ಕಿಯ ಮೊಟ್ಟೆ ಜನರ ಬಾಯಲ್ಲಿ ನಿಂತದ್ದು ಹೇಗೆಂಬುದನ್ನು ಊರಿನ ಉಪ್ಪಾರಗೇರಿಯ ಹಿರಿಯರು ಇಂದಿಗೂ ಎದೆಯುಬ್ಬಿಸಿಯೇ ಹೇಳುತ್ತಾರೆ.

ಹಿಂದೆ ಒಮ್ಮೆ, ದೇಸಗತಿಯ ಕಾಲದಲ್ಲಿ, ರಾಚಪ್ಪ ದೇಸಾಯಿ ಈ ವಾಡೆಯನ್ನು ಕಟ್ಟಿಸಿದನಂತೆ. ಇಲ್ಲಿಯ ಮನೆಗಳಿಗೆ ಹಂಚು ಹೊದಿಸುವ ರೂಢಿಯಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು, ಅದೇ ಮಾಳಿಗೆ. ಆ ಮಣ್ಣು ಉಪ್ಪು ಬೆರೆತ ಬಿಳಿಯ ಸವುಳು ಮಣ್ಣೇ ಆಗಬೇಕು, ಅದೊಂದೇ ನೀರನ್ನು ಕೆಳಗಿಳಿಯಗೊಡುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಹೊಸ ಪದರ ಹಾಸಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಆ ಕೆಲಸ ಉಪ್ಪಾರಗೇರಿಯ ಹೆಂಗಸರದು, ಅವರ ಮುಂದಾಳು ನಿಂಬೆವ್ವ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಸಂಸಾರ ತೂಗಿಸಿದ ಗಟ್ಟಿಗಿತ್ತಿ. ಮನೆಯೊಳಗೆ ನಿಂತು ಜಂತಿಯ ಬಣ್ಣ ನೋಡಿಯೇ ಮೇಲೆ ಎಲ್ಲಿ ಮಣ್ಣು ಸವೆದಿದೆ ಎಂದು ಹೇಳಬಲ್ಲವಳಾಗಿದ್ದಳು ಎನ್ನುತ್ತಾರೆ. ಊರ ಮೂಡಣದ ಸವುಳು ಬಯಲಿನಲ್ಲಿ ಅವರು ಮಣ್ಣು ಅಗೆಯುತ್ತಿದ್ದರು. ಟಿಟ್ಟಿಭ ಹಕ್ಕಿಗಳು ಗೂಡು ಗೀಡು ಎನ್ನದೆ ಬರಿನೆಲದಲ್ಲೇ ತತ್ತಿ ಇಡುತ್ತಿದ್ದುದೂ ಅದೇ ಬಯಲಿನಲ್ಲಿ. ಹಕ್ಕಿ ಅರಚಿದಲ್ಲಿ ಗುದ್ದಲಿ ಹಾಕಬಾರದು, ತತ್ತಿಯ ಸುತ್ತ ಒಂದು ಮೊಳ ನೆಲ ಬಿಟ್ಟು ಆಚೆ ಅಗೆಯಬೇಕು ಎಂಬುದು ಕೇರಿಯ ಕಟ್ಟಳೆ. ದೇಸಾಯಿಯ ವಾಡೆಯೋ ಹನ್ನೆರಡು ಅಂಕಣದ್ದು. ಅದರ ಮಾಳಿಗೆ ಮುಚ್ಚುವ ಹೊತ್ತಿಗೆ ಬಯಲೆಲ್ಲ ತಗ್ಗುಬಿದ್ದು, ಹಕ್ಕಿ ಕಾಲೂರುವಷ್ಟು ಸಮ ನೆಲವೂ ಉಳಿಯಲಿಲ್ಲ.

ಮರುವರ್ಷದ ವೈಶಾಖದಲ್ಲಿ ಹೊಸ ಪದರ ಹಾಕಲು ನಿಂಬೆವ್ವ ಹನ್ನೊಂದು ಮಂದಿ ಹೆಂಗಸರೊಡನೆ ವಾಡೆಯ ಮಾಳಿಗೆ ಹತ್ತಿದಳು. ಬುಟ್ಟಿ ಇಳಿಸುವ ಮೊದಲೇ ಟಿಟ್ಟಿಭವೊಂದು ಕಿವಿ ಕಿತ್ತುಹೋಗುವಂತೆ ಅರಚುತ್ತ ಅವಳ ನೆತ್ತಿಗೇ ಎರಗಿತು. ಸರಿಯಾಗಿ ನಡುಮಾಳಿಗೆಯಲ್ಲಿ, ಕೆಳಗೆ ದೇಸಾಯಿ ಕೂರುವ ಗದ್ದುಗೆಯ ನೇರಕ್ಕೆ, ನಾಲ್ಕು ಉಂಡೆಕಲ್ಲುಗಳಂತೆ ನಾಲ್ಕು ತತ್ತಿಗಳಿದ್ದವು. ನಿಂಬೆವ್ವ ನಿಂತಲ್ಲೇ ನಿಂತಳು. ಕಾಲ ಕೆಳಗಿನ ಮಣ್ಣಿನ ಗುರುತು ಅವಳಿಗೆ ಹತ್ತದೆ ಇರುತ್ತದೆಯೆ? ತಾನೇ ಅಗೆದು, ತಾನೇ ಹೊತ್ತು ತಂದ ಬಯಲಿನ ಮಣ್ಣು ಅದು. ಅವಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಸುದ್ದಿ ಕೇಳಿ ದೇಸಾಯಿ ಜೋಯಿಸರನ್ನು ಹಿಂದಿಟ್ಟುಕೊಂಡು ಮೇಲೆ ಬಂದ. ಬಯಲ ಹಕ್ಕಿ ಮನೆಯ ಮೇಲೆ ತತ್ತಿ ಇಟ್ಟರೆ ಆ ಮನೆ ಬಯಲಾಗುತ್ತದೆ, ಕೂಡಲೇ ತೆಗೆಸಬೇಕು ಎಂದು ಜೋಯಿಸರು ಹೇಳಿಬಿಟ್ಟಿದ್ದರು.

“ಧಣೀ, ಮಾಳಗಿ ಎಲ್ಲಾ ಹಾಕ್ತೇವ್ರಿ,” ಎಂದಳು ನಿಂಬೆವ್ವ. “ತತ್ತಿ ಸುತ್ತ ಒಂದ ಮೊಳ ಬಿಡ್ತೇವಿ. ಮರಿ ಇಳದ ಮ್ಯಾಲ ಅದನೂ ನಾನ ಬಂದು ತುಂಬತೇನಿ.”

“ನನ್ನ ಮನಿಗೆ ಬಂದು ಕುಂತ ಹಕ್ಕಿಗೆ ನಾ ಮೊಳ ಬಿಡಬೇಕೇನ?”

“ಅದು ನಿಮ್ಮ ಮನಿಗೆ ಬಂದಿಲ್ರಿ. ನಾವ ಅದರ ಮನಿ ಅಗದು ತಂದು ನಿಮ್ಮ ತಲಿ ಮ್ಯಾಲ ಹಾಸೇವಿ. ತನ್ನ ಮಣ್ಣ ಹುಡಿಕ್ಕೊಂಡು ಬಂದೈತಿ, ಪಾಪ.”

ಕೂಲಿಯ ಹೆಂಗಸು ನ್ಯಾಯ ಹೇಳುವುದನ್ನು ದೇಸಾಯಿ ಅದುವರೆಗೆ ಕೇಳಿರಲಿಲ್ಲ. ತುಳಿಯಿರಿ ಎಂದು ಗುಡುಗಿದ. ನಿಂಬೆವ್ವ ಬುಟ್ಟಿಯನ್ನು ಕವುಚಿ ಹಾಕಿದಳು. ಅವಳ ಹಿಂದೆ ಹನ್ನೊಂದು ಬುಟ್ಟಿಗಳೂ ಕವುಚಿಬಿದ್ದವು. ಸಂಜೆಯೊಳಗೆ ತುಳಿಯದಿದ್ದರೆ ನಿನ್ನ ಮನೆಯ ತೊಲೆ ಕೀಳಿಸುತ್ತೇನೆ ಎಂದು ಹೇಳಿ ದೇಸಾಯಿ ಕೆಳಗಿಳಿದ. ಹೇಳಿದಂತೆ ಮಾಡಿಯೂ ಮಾಡಿದ. ವಾಡೆಯ ಮಾಳಿಗೆಯಿಂದ ಕೇರಿ ಚೆನ್ನಾಗಿ ಕಾಣುತ್ತಿತ್ತು. ಗಂಡ ತನ್ನ ಕೈಯಾರೆ ಕೆತ್ತಿ ಏರಿಸಿದ್ದ ನಡುತೊಲೆಯನ್ನು ಆಳುಗಳು ಹಗ್ಗ ಹಾಕಿ ಎಳೆದದ್ದನ್ನು, ಮನೆ ಧೂಳಾಗಿ ಕುಸಿದದ್ದನ್ನು ನಿಂಬೆವ್ವ ನಿಂತು ನೋಡಿದಳು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮೆಟ್ಟಿಲ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

“ಇನ್ನ ನನಗ ಕಾಯಾಕ ಮನಿ ಇಲ್ಲ,” ಎಂದಳು. “ಇದನ್ನ ಕಾಯ್ತೇನಿ.”

ಆ ಮೆಟ್ಟಿಲಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುವಂತಿಲ್ಲ. ಅವಳ ಕೆಳಗಿನ ಮೆಟ್ಟಿಲಲ್ಲಿ ಇನ್ನೊಬ್ಬಳು ಕೂತಳು, ಅದರ ಕೆಳಗೆ ಮತ್ತೊಬ್ಬಳು. ಹೀಗೆ ಮೆಟ್ಟಿಲಿಗೊಬ್ಬಳಂತೆ ಹನ್ನೆರಡು ಮೆಟ್ಟಿಲೂ ತುಂಬಿದವು. ಮೇಲಿನವಳನ್ನು ಎಬ್ಬಿಸಬೇಕಾದರೆ ಕೆಳಗಿನವರೆಲ್ಲರ ಮೈಮುಟ್ಟಿ ಎಳೆಯಬೇಕು. ಅಷ್ಟು ಧೈರ್ಯ ದೇಸಾಯಿಯ ಆಳುಗಳಿಗೆ ಬರಲಿಲ್ಲ, ಅವರ ಹೆಂಡಿರೂ ಈ ಹೆಂಗಸರು ನೀರು ಸೇದುವ ಬಾವಿಗೇ ಹೋಗಬೇಕಿತ್ತಲ್ಲ! ಒಬ್ಬ ಬಂಟ ಮಾತ್ರ ಹೊರಗೋಡೆಗೆ ಏಣಿ ಹಾಕಿ ಹತ್ತಿದ. ಅವನ ರುಮಾಲು ಮಾಳಿಗೆಯ ಮಟ್ಟಕ್ಕೆ ಕಂಡದ್ದೇ ತಡ, ಗಂಡು ಹೆಣ್ಣು ಎರಡೂ ಹಕ್ಕಿಗಳು ಎರಗಿದವು. ಅವನು ಇಳಿದ ರಭಸಕ್ಕೆ ಏಣಿಯ ಎರಡು ಅಡ್ಡಗೋಲು ಮುರಿದವಂತೆ. ಕೇರಿಯ ಮುದುಕಿಯರು ದಿನಾ ರೊಟ್ಟಿಯ ಗಂಟು ತಂದರು. ಅದು ಕೆಳಗಿನ ಕೈಯಿಂದ ಮೇಲಿನ ಕೈಗೆ ದಾಟುತ್ತ ನಿಂಬೆವ್ವನನ್ನು ಮುಟ್ಟುತ್ತಿತ್ತು.

ಹತ್ತನೆಯ ದಿನ, ಮಳೆಗಾಲಕ್ಕೆ ಮುಂಚೆಯೇ, ಮಳೆ ಸುರಿಯಿತು. ಹಳೆಯ ಪದರ ತಡೆಯಲಿಲ್ಲ, ಹನ್ನೆರಡು ಅಂಕಣವೂ ಸೋರತೊಡಗಿತು. ದೇಸಾಯಿ ಹಲ್ಲು ಕಚ್ಚಿಕೊಂಡು ಕೂತಿದ್ದ. ಅವನ ತಾಯಿ ಮಾತ್ರ ಮೆಟ್ಟಿಲ ಬುಡಕ್ಕೆ ಬಂದು, “ಎವ್ವಾ ನಿಂಬೆವ್ವ, ನೀ ಹೆಂಗ ಹಾಕ್ತಿ ಹಂಗ ಹಾಕವ್ವ, ನಾ ಹೇಳತೇನಿ,” ಎಂದು ಸೆರಗೊಡ್ಡಿದಳು. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ಹೆಂಗಸರು ಮಾಳಿಗೆಯನ್ನೆಲ್ಲ ಮುಚ್ಚಿದರು. ತತ್ತಿಯ ಸುತ್ತ ಮೊಳ ಬಿಟ್ಟು, ನೀರು ನುಗ್ಗದಂತೆ ಬೆರಳೆತ್ತರದ ಒಡ್ಡು ಕಟ್ಟಿದರು. ಒಡ್ಡಿನೊಳಗೆ ಬಿದ್ದ ಹನಿ ಮಾತ್ರ ತೊಟ್ಟಿಕ್ಕುತ್ತ ಗದ್ದುಗೆಯ ಮೇಲೇ ಬಿತ್ತು. ದೇಸಾಯಿ ಗದ್ದುಗೆಯನ್ನು ಗೋಡೆಗೆ ಸರಿಸಿಕೊಳ್ಳಬೇಕಾಯಿತು. ವಾರದೊಳಗೆ ಮರಿಗಳು ಹೊರಬಂದವು. ತಾಯಿಹಕ್ಕಿ ಕೆಳಗೆ ನೆಲದ ಮೇಲೆ ನಿಂತು ಕೂಗಿದರೆ, ಹೆಂಗಸರು ಗೋಡೆಯ ಬುಡಕ್ಕೆ ಒಟ್ಟಿದ್ದ ಜೋಳದ ದಂಟಿನ ಕಣಿಕೆಯ ಮೇಲೆ ನಾಲ್ಕೂ ಒಂದೊಂದಾಗಿ ಧುಮುಕಿ ಓಡಿಹೋದವು.

“ಹೋದುವಲ್ಲ? ತುಂಬು ಇನ್ನ ಆ ಮೊಳ,” ಎಂದ ದೇಸಾಯಿ.

“ಕೊಟ್ಟ ಮಾತಿಗೆ ತಪ್ಪಾಕಿ ಅಲ್ಲರಿ. ನನ್ನ ತೊಲಿ ಎಲ್ಲಿತ್ತೋ ಅಲ್ಲಿ ಇಡಸ್ರಿ. ಮೊದಲನೇ ಬುಟ್ಟಿ ನನ್ನ ಮನಿಗೆ, ಮುಂದಿನ ಬುಟ್ಟಿ ನಿಮ್ಮ ಮನಿಗೆ.”

ಒಂದು ಗುಡಿಸಲಿನಂಥ ಮನೆಯ ತೊಲೆ, ಅಷ್ಟೇ ಅವಳು ಕೇಳಿದ್ದು. ದೇಸಾಯಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು, ಇಡಿಸಲಿಲ್ಲ. ಆಳುಗಳಿಂದ ಹೊಲದ ಎರೆಮಣ್ಣು ಹೊರಿಸಿ ಆ ಮೊಳವನ್ನು ತುಂಬಿಸಿದ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿಬಿಡುತ್ತದೆ ಎಂದು ಅವನಿಗೆ ಹೇಳುವವರು ಯಾರು? ಬಲ್ಲವರು ಕೇರಿಯಲ್ಲಿ ನಿಂಬೆವ್ವನಿಗೆ ಹೊಸ ಮನೆ ಕಟ್ಟುತ್ತಿದ್ದರು. ಆ ಬಿರುಕಿನಿಂದ ವರ್ಷವರ್ಷವೂ ನೀರು ಇಳಿಯಿತು, ತೊಲೆಗೆ ಗೆದ್ದಲು ಹತ್ತಿತು. ಉಪ್ಪಾರಗೇರಿಯ ಒಂದು ಕಾಲೂ ಮತ್ತೆ ಆ ಮಾಳಿಗೆ ಹತ್ತಲಿಲ್ಲ. ಹತ್ತಿದ್ದು ಟಿಟ್ಟಿಭ ಒಂದೇ, ತಪ್ಪದೆ ಪ್ರತಿ ವೈಶಾಖದಲ್ಲಿ. ಕೊನೆಗೊಂದು ಮಳೆಗಾಲ ಗದ್ದುಗೆಯ ಮೇಲಿನ ಅಂಕಣವೇ ಕುಸಿಯಿತು, ದೇಸಾಯಿಯ ಮನೆತನ ಬೇರೆ ಊರಿಗೆ ಗಂಟುಮೂಟೆ ಕಟ್ಟಿತು. ಜೋಯಿಸರು ಹೇಳಿದಂತೆ ಮನೆ ಬಯಲಾದದ್ದು ನಿಜ. ಮಾಡಿದ್ದು ಹಕ್ಕಿಯಲ್ಲ, ಅಷ್ಟೇ.

ಈಗ ಹಿರೇಸವುಳಿಗೆ ಹೋದವರು ತಲೆಯೆತ್ತಿ ನೋಡಬೇಕು. ಮಣ್ಣಿನ ಮಾಳಿಗೆ ಇರಲಿ, ಮೊನ್ನೆ ಮೊನ್ನೆ ಹಾಕಿದ ಸಿಮೆಂಟಿನ ಸ್ಲ್ಯಾಬ್ ಇರಲಿ, ಪ್ರತಿ ಮನೆಯ ಮೇಲೂ ಒಂದು ಮೊಳದಷ್ಟು ಜಾಗಕ್ಕೆ ಒಡ್ಡು ಕಟ್ಟಿ ಸವುಳು ಮಣ್ಣು ಹಾಸಿರುತ್ತಾರೆ. ಅದಕ್ಕೆ ನಿಂಬೆವ್ವನ ಮೊಳ ಎನ್ನುತ್ತಾರೆ. ವೈಶಾಖದಲ್ಲಿ ತತ್ತಿಮಾಳಿಗೆಯ ಮೆಟ್ಟಿಲು ಹತ್ತಲು ಯಾರಿಗೂ ಅಪ್ಪಣೆಯಿಲ್ಲ, ಅಧಿಕಾರಿಗಳು ಜೀಪಿನಲ್ಲಿ ಬಂದರೂ ಇಲ್ಲ. ಪಕ್ಕದ ಹೊಲದಲ್ಲಿ ಕೂಳೆ ಆರಿಸುತ್ತಿರುವ ಯಾವಳೋ ಒಬ್ಬಳು ಬಂದು ಮೊದಲ ಮೆಟ್ಟಿಲಿಗೆ ಅಡ್ಡ ಕೂರುತ್ತಾಳೆ. ಸೆರಗಿನಿಂದ ಬೆವರೊರೆಸಿಕೊಂಡು ಹೇಳುತ್ತಾಳೆ:

“ಮ್ಯಾಲ ಮನಿಯವ್ರು ಅದಾರ್ರಿ. ಮರಿ ಇಳದ ಮ್ಯಾಲ ಬರ್ರಿ.”