ಇನ್ನಾಸಪ್ಪನ ಮಂಡಿ

ಹೊಳೆದಂಡೆಯ ಮೇಲೆ ಹುಲ್ಲುಮಾಡಿನ ಒಂದು ಆಶ್ರಮ. ಮುಂದೆ ಮತ್ತಿಮರದ ಶಿಲುಬೆ, ಹಿಂದೆ ಹೊಳೆ. ಅಷ್ಟೇ.

ಅಲ್ಲಿದ್ದ ಅರುಳಪ್ಪ ಗುರುಗಳು ಕಾವಿ ತೊಟ್ಟ ಯೇಸುಸ್ವಾಮಿಯ ಸಂನ್ಯಾಸಿ. ಧ್ಯಾನಕ್ಕೆ ಕೂತರೆ ಕೂತರು. ಒಂದು ಸಲ ಗೀಜಗ ಬಂದು ಅವರ ಗಡ್ಡದಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮರಿಗಳು ಹಾರಿಹೋದ ಮೇಲೇ ಅವರು ಕಣ್ಣು ಬಿಟ್ಟದ್ದು. ನಂಬದವರು ಆ ಗೀಜಗದ ಮರಿಮಕ್ಕಳನ್ನೇ ಕೇಳಿ ನೋಡಬಹುದು. ಅವು ಈಗಲೂ ಅದೇ ದಂಡೆಯಲ್ಲಿವೆ.

ಅವರಿಗೆ ಇಬ್ಬರು ಶಿಷ್ಯರು.

ದೊಡ್ಡವನು ಇನ್ನಾಸಪ್ಪ. ಬಂದು ಹನ್ನೊಂದು ವರ್ಷ. ಎದೆ ಮುಚ್ಚುವ ಗಡ್ಡ, ನಿಂಬೆಹಣ್ಣಿನ ಗಾತ್ರದ ಮಣಿಗಳ ಜಪಸರ. ಅವನು ಕೀರ್ತನೆ ಎತ್ತಿದರೆ ಆಚೆ ದಂಡೆಯ ದನಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು.

ಚಿಕ್ಕವನು ಮುಡಿಯಪ್ಪ. ಎಮ್ಮೆ ಕಾಯುತ್ತಿದ್ದವನು, ಬಂದು ಮೂರು ವರ್ಷ. ವಿಶ್ವಾಸಪ್ರಮಾಣ ಹೇಳಲು ಹೊರಟರೆ ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪೊಂತಿ ಪಿಲಾತನ ಹೆಸರಿನ ಹತ್ತಿರ ಬಂದು ಎಡವುತ್ತಿದ್ದ. ಅಲ್ಲಿಂದ ಮುಂದಕ್ಕೆ ಗುರುಗಳೇ ಕೈಹಿಡಿದು ದಾಟಿಸಬೇಕು. ಸಂಜೆಯ ಪ್ರಾರ್ಥನೆಯಲ್ಲಂತೂ ಮಂಡಿಯೂರಿದಲ್ಲೇ ತೂಕಡಿಸುತ್ತಿದ್ದ.

ಇಂಥವನ ಮೇಲೆ ಹೊಟ್ಟೆಕಿಚ್ಚು ಪಡಲು ಏನಿದೆ? ಮಂಡಿ ಇದೆ.

ಆ ಸೀಮೆಯ ಕ್ರೈಸ್ತರದು ಒಂದು ಪದ್ಧತಿ. ಎತ್ತು ಕೊಳ್ಳುವಾಗ ಹಲ್ಲು ನೋಡುವ ಹಾಗೆ, ಭಕ್ತನನ್ನು ಅಳೆಯುವಾಗ ಮಂಡಿ ನೋಡುತ್ತಿದ್ದರು. ಜಡ್ಡು ಕಟ್ಟಿದ್ದರೆ ಮಂಡಿಯೂರಿ ಪ್ರಾರ್ಥಿಸುವವನು. ಮೆತ್ತಗಿದ್ದರೆ ಬಾಯಿಮಾತಿನವನು.

ಮುಡಿಯಪ್ಪನ ಮಂಡಿ ತೆಂಗಿನ ಕರಟ. ಒಮ್ಮೆ ಅಲ್ಲಿಗೆ ನಾಗರಹಾವು ಕಚ್ಚಿ, ಪಾಪ, ಹಾವಿನ ಹಲ್ಲೇ ಮುರಿಯಿತು.

ಇನ್ನಾಸಪ್ಪ ಹನ್ನೊಂದು ವರ್ಷವೂ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಮಂಡಿಯೂರಿದವನು. ಅವನದು ಬೆಣ್ಣೆ.

ಆ ವರ್ಷ, ಯೇಸು ಮತ್ತೆ ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದ ದಿನ, ಇಬ್ಬರ ಹಣೆಗೂ ಬೂದಿ ಇಟ್ಟು ಗುರುಗಳು ಹೇಳಿದರು.

"ಪಾಸ್ಕ ಹಬ್ಬಕ್ಕೆ ನಿಮ್ಮಲ್ಲಿ ಒಬ್ಬನಿಗೆ ಕಾವಿ ಕೊಡ್ತೀನಿ. ಅವನು ಹೊಳೆಯ ಮೇಲಿನ ಹನ್ನೆರಡು ಹಳ್ಳಿಗೆ ಗುರುವಾಗಿ ಹೋಗಬೇಕು."

ಗುರುಗಳ ಪೆಟ್ಟಿಗೆಯಲ್ಲಿ ಹೊಸ ಕಾವಿ ಪಂಚೆ ಮಡಿಸಿಟ್ಟದ್ದು ಇನ್ನಾಸಪ್ಪನಿಗೆ ಗೊತ್ತಿತ್ತು. ಕದ್ದು ಮೂಸಿ ನೋಡಿದ್ದ. ಹೆಗಲಿಗೆ ಹಾಕಿಕೊಂಡು ಹೊಳೆನೀರಿನಲ್ಲಿ ತನ್ನನ್ನು ನೋಡಿಕೊಂಡದ್ದೂ ಉಂಟು. ನೀರು ತಲೆದೂಗಿತ್ತು.

ಮಾರನೆಯ ದಿನ ರಾಗಿ ತಂದುಕೊಡುವ ಮದ್ಲೇನಮ್ಮ ಬಂದಳು. ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು.

"ಕಾವಿ ಯಾರಿಗೆ ಅಂತ ಕೇಳೋದೇನ್ ಬುಡಿ" ಅಂದಳು. "ಮುಡಿಯಪ್ಪನ ಮಂಡಿ ನೋಡಿದೀರಾ? ಅದರ ಮ್ಯಾಲೆ ರಾಗಿ ಬೀಸಬೋದು."

"ನನ್ನದು?"

ಇನ್ನಾಸಪ್ಪ ಕೇಳಬಾರದಿತ್ತು. ಕೇಳಿಬಿಟ್ಟ.

ಮದ್ಲೇನಮ್ಮ ಬಗ್ಗಿ ನೋಡಿದಳು. "ನಿಮ್ದು ಬಾಣಂತಿ ಮಂಡಿ ಸ್ವಾಮಿ. ಎಣ್ಣೆ ನೀರು ಚೆನ್ನಾಗಿ ಕಂಡದೆ."

ಆ ಮಾತು ಅವನ ಹೊಟ್ಟೆಗಿಳಿದು ಬೆಂಕಿಯಾಯಿತು. ಅವತ್ತು ನುಂಗಿದ ಮುದ್ದೆ ಒಳಗೇ ಸುಟ್ಟು ರೊಟ್ಟಿಯಾಯಿತು.

ಆಮೇಲೆ ಮುಡಿಯಪ್ಪ ಕೂತರೂ ತಪ್ಪು, ನಿಂತರೂ ತಪ್ಪು. ಅವನು ತೂಕಡಿಸಿದರೆ ಜನ, "ಪಾಪ, ದೇವರ ಹತ್ತಿರ ಮಾತಾಡಿ ಸೋತವ್ನೆ" ಅನ್ನುತ್ತಿದ್ದರು. ಪಿಲಾತನ ಹತ್ತಿರ ಎಡವಿದರೆ, "ಸ್ವಾಮಿಯ ಪಾಡು ನೆನೆದು ಗಂಟಲು ಕಟ್ತು" ಅನ್ನುತ್ತಿದ್ದರು. ಇನ್ನಾಸಪ್ಪ ಒಂದು ಅಕ್ಷರ ಬಿಡದೆ ಹಾಡಿ ಮುಗಿಸಿದರೆ, "ಗಂಟಲು ಗಟ್ಟಿ ಅದೆ" ಅಂದು ಎದ್ದು ಹೋಗುತ್ತಿದ್ದರು.

ತಡೆಯಲಾರದೆ ಗುರುಗಳ ಬಳಿ ಹೋದ.

"ಗುರುವೇ, ಪ್ರಾರ್ಥನೆಯಲ್ಲಿ ನಿದ್ದೆ ಹೊಡೆಯೋನ ಮಂಡಿಗೆ ಜಡ್ಡು ಎಲ್ಲಿಂದ ಬಂತು?"

"ಅವನು ನಿದ್ದೆ ಮಾಡ್ತಾನಾ?"

"ದಿನಾ ಮಾಡ್ತಾನೆ. ನಾನೇ ನೋಡ್ತೀನಿ."

"ಪ್ರಾರ್ಥನೆ ಹೊತ್ತಲ್ಲಿ ನಾನು ಕಣ್ಣು ಮುಚ್ಚಿರ್ತೀನಿ" ಅಂದರು ಗುರುಗಳು. "ಅದಕ್ಕೇ ನನಗೆ ಗೊತ್ತಾಗಲಿಲ್ಲ."

ಇನ್ನಾಸಪ್ಪ ಹೊರಗೆ ಬಂದ. ಆ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈಗೆ ಒಂದು ಇಟ್ಟಿಗೆ ತೆಗೆದುಕೊಂಡ.

ಹೊಳೆಯ ತಿರುವಿನಲ್ಲಿ ಕೂತು ಮಂಡಿ ತಿಕ್ಕಿದ. ಮೂರು ದಿನದಲ್ಲಿ ಇಟ್ಟಿಗೆ ಸವೆದು ಹುಣಸೆಬೀಜದಷ್ಟಾಯಿತು. ಚರ್ಮ ಕೆಂಪಾಯಿತೇ ಹೊರತು ಜಡ್ಡು ಬರಲಿಲ್ಲ.

ನಾಲ್ಕನೆಯ ದಿನ ಅಗಸರ ಓಣಿಗೆ ಹೋದ. ಬಟ್ಟೆಗೆ ಅಳಿಸದ ಕರಿ ಗುರುತು ಹಾಕಲು ಅಗಸರು ಕೇರುಬೀಜದ ಎಣ್ಣೆ ಇಟ್ಟುಕೊಂಡಿರುತ್ತಾರೆ. ಮೈಗೆ ತಾಗಿದರೆ ಸುಡುವಂಥದ್ದು. ಒಂದು ಚಿಪ್ಪು ಇಸಕೊಂಡು ಬಂದು ಎರಡು ಮಂಡಿಗೂ ಬಳಿದುಕೊಂಡ.

ಒಳಗಿನ ಉರಿಯ ಜೊತೆಗೆ ಹೊರಗಿನ ಉರಿಯೂ ಸೇರಿತು. ಉರಿ ತಾಳದೆ ಹೊಳೆಗಿಳಿದ. ಅವನು ಇಳಿದ ಮಡುವಿನ ಮೀನುಗಳು ಬೆಂದು ತೇಲಿದವು ಅನ್ನುತ್ತಾರೆ. ಎರಡು ದಿನಕ್ಕೆ ಮಂಡಿ ಕಪ್ಪಾಗಿ, ದಪ್ಪವಾಗಿ, ಹಲಸಿನ ಸಿಪ್ಪೆಯಂತೆ ಒರಟಾಯಿತು.

ಇನ್ನಾಸಪ್ಪ ಪಂಚೆ ಎತ್ತಿ ಕಟ್ಟಿದ.

ಜನ ನೋಡಿದರು, ಬಾಯಿ ಬಿಟ್ಟರು. ಇಬ್ಬರು ಮುದುಕಿಯರು ಅವನ ಕಾಲಿಗೆ ಬಿದ್ದರು. ನೋವಿನಿಂದ ಕಣ್ಣೀರು ಸುರಿಯುತ್ತಿದ್ದುದನ್ನು ಎಲ್ಲರೂ ಭಕ್ತಿ ಅಂದುಕೊಂಡರು. ಎರಡು ದಿನ ಅವನು ಸ್ವರ್ಗದಲ್ಲಿದ್ದ.

ಮದ್ಲೇನಮ್ಮ ಮಾತ್ರ ಬುಟ್ಟಿ ಇಳಿಸಿ ನಿಂತಳು. "ಹೋದ ವಾರ ಬೆಣ್ಣೆ, ಈ ವಾರ ಬದನೆಕಾಯಿ. ಇದ್ಯಾವ ಗೊಬ್ಬರ ಸ್ವಾಮಿ?"

ಇನ್ನಾಸಪ್ಪನಿಗೆ ಭಯ ಹತ್ತಿತು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ? ಆ ಎಮ್ಮೆಯವನು ಎಷ್ಟು ಹೊತ್ತು, ಎಲ್ಲಿ ಮಂಡಿಯೂರುತ್ತಾನೆ ಅನ್ನುವುದನ್ನು ಕಂಡುಹಿಡಿಯಲೇಬೇಕು.

ದಿನವೂ ಮಧ್ಯಾಹ್ನ ಗುರುಗಳು ಒರಗಿದ ಮೇಲೆ ಮುಡಿಯಪ್ಪ ಕಾಣೆಯಾಗುತ್ತಿದ್ದ. ಅವತ್ತು ಇನ್ನಾಸಪ್ಪ ಕುಂಟುತ್ತ ಹಿಂದೆ ಹೋದ.

ದಂಡೆಯ ಕೆಳಗೆ ಒಂದು ಗುಡಿಸಲು. ಮಾಡು ಎಷ್ಟು ತಗ್ಗು ಅಂದರೆ ಮೇಕೆಯೂ ತಲೆಬಾಗಿಯೇ ಒಳಗೆ ಹೋಗಬೇಕು. ಅಲ್ಲಿ ತೋಮಪ್ಪ ಅನ್ನುವ ಮುದುಕ ಮಲಗಿದ್ದ. ಹಿಂದೆ ಹರಿಗೋಲು ಹಾಕುತ್ತಿದ್ದವನು. ಈಗ ಕಣ್ಣಿಲ್ಲ, ಸೊಂಟ ಬಿದ್ದುಹೋಗಿದೆ, ಕಿವಿಯೂ ಅಷ್ಟಕ್ಕಷ್ಟೆ.

ಇನ್ನಾಸಪ್ಪ ತಟ್ಟಿಯ ಸಂದಿಯಿಂದ ಇಣುಕಿದ.

ಮುಡಿಯಪ್ಪ ಮಂಡಿಯ ಮೇಲೆಯೇ ಓಡಾಡುತ್ತಿದ್ದ. ಮುದುಕನನ್ನು ಮಗ್ಗುಲಿಗೆ ಹೊರಳಿಸಿದ. ಹೊಲಸು ಬಳಿದ. ಮೈ ಒರೆಸಿದ. ಹುಲ್ಲು ಬದಲಿಸಿದ. ಗಂಜಿಯ ಮಡಕೆ ಎತ್ತಿಕೊಂಡ. ಎಮ್ಮೆಗೆ ಹೇಳುವ ಹಾಗೆ "ಹೋ... ಹೋ... ಆಯ್ತು, ಆಯ್ತು" ಅನ್ನುತ್ತಿದ್ದ.

ಇನ್ನಾಸಪ್ಪ ಕೊನೆಯ ತನಕ ಕಾದ. ಒಂದು ಪ್ರಾರ್ಥನೆ ಇಲ್ಲ, ಒಂದು ಕೀರ್ತನೆ ಇಲ್ಲ. ಅವನ ಎದೆ ಸಂತೋಷದಿಂದ ಉಬ್ಬಿತು. ಸುಟ್ಟ ಮಂಡಿಯಲ್ಲೇ ಓಡಿದ, ಗಾಳಿ ಹಿಂದೆ ಬಿತ್ತು.

"ಗುರುವೇ, ಸಿಕ್ಕಿಬಿದ್ದ!"

"ಯಾರು?"

"ಮುಡಿಯಪ್ಪ! ಅವನದು ಪ್ರಾರ್ಥನೆಯ ಜಡ್ಡಲ್ಲ. ಬರೀ ಮೋಸ. ಒಂದು ಪರಲೋಕ ಮಂತ್ರಾನೂ ಹೇಳಲಿಲ್ಲ. ಯಾವನೋ ಮುದುಕನ ಹೊಲಸು ಬಳಿದು ಬಳಿದು ಬಂದ ಜಡ್ಡು ಅದು!"

"ಓಹೋ."

"ಕಣ್ಣಾರೆ ಕಂಡೆ."

"ಗಂಜಿ ಕುಡಿದನಾ?"

"ಮುಡಿಯಪ್ಪನಾ?"

"ಮುದುಕ."

ಇನ್ನಾಸಪ್ಪ ನೆನಪು ಮಾಡಿಕೊಂಡ. "ಅದು ನೋಡಲಿಲ್ಲ ಗುರುವೇ. ನಾನು ಮಂಡಿ ನೋಡ್ತಿದ್ದೆ."

ಗುರುಗಳು ಅವನನ್ನು ಜಗಲಿಯ ಮೇಲೆ ಕೂರಿಸಿದರು. ಪಂಚೆ ಸರಿಸಿದರು. ಎರಡೂ ಮಂಡಿ ಒಡೆದು ಕೀವು ಸೋರುತ್ತಿತ್ತು. ಗುರುಗಳು ಬಗ್ಗಿ ಮೂಸಿದರು. ಕೇರುಬೀಜದ ನಾತ ಮುಚ್ಚಿಡುವಂಥದ್ದಲ್ಲ.

ಎದ್ದು ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದು ಕೇಳಿತು. ಹೊಸ ಕಾವಿ ಪಂಚೆ ಹಿಡಿದು ಬಂದರು. ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ ಅಂತ ಹರಿದರು.

"ಅಯ್ಯೋ ಗುರುವೇ! ಅದು ಪಾಸ್ಕಕ್ಕೆ..."

"ಗೊತ್ತು."

ಇನ್ನೊಂದು ಪಟ್ಟಿ ಹರಿದರು. ಮತ್ತೊಂದು. ಹುಣ್ಣಿಗೆ ಕೊಬ್ಬರಿ ಎಣ್ಣೆ ಸವರಿ, ಕಾವಿ ಸುತ್ತಿ, ಗಂಟು ಹಾಕಿದರು.

"ಹನ್ನೊಂದು ವರ್ಷದಿಂದ ನೀನು ಇದಕ್ಕೆ ಆಸೆಪಟ್ಟೆ" ಅಂದರು. "ನಿನಗೆ ಎಲ್ಲಿ ಬೇಕಿತ್ತೋ ಅಲ್ಲಿಗೇ ಕಟ್ಟಿದ್ದೀನಿ."

ಇನ್ನಾಸಪ್ಪ ಹಾಸಿಗೆ ಹಿಡಿದ. ಜ್ವರ ಎಷ್ಟಿತ್ತು ಅಂದರೆ ಹಣೆಯ ಮೇಲಿಟ್ಟ ಒದ್ದೆ ಬಟ್ಟೆ ಹಪ್ಪಳವಾಗುತ್ತಿತ್ತು. ಆ ಬಟ್ಟೆಯನ್ನು ಮತ್ತೆ ಮತ್ತೆ ಒದ್ದೆ ಮಾಡಿದವನು ಮುಡಿಯಪ್ಪ. ಕೀವು ಒರೆಸಿದವನೂ ಅವನೇ. ಗಂಜಿ ಕುಡಿಸಿದವನೂ ಅವನೇ. ಬೇರೆ ಯಾರ ಕೈಯಾದರೂ ಆಗಲಿ, ಇವನದು ಬೇಡ ಅಂತ ಇನ್ನಾಸಪ್ಪ ಹಲ್ಲು ಕಚ್ಚಿ ಮಲಗಿದ್ದ. ಕಚ್ಚಿದ ಹಲ್ಲಿನ ಸಂದಿಯಿಂದಲೇ ಗಂಜಿ ಒಳಗೆ ಹೋಯಿತು.

ಒಂದು ದಿನ ಆ ಕರಟದಂಥ ಮಂಡಿ ಅವನ ಮೂಗಿನ ಹತ್ತಿರವೇ ಇತ್ತು.

"ಲೋ, ಆ ಜಡ್ಡು ನೋಯಲ್ವೇನೋ?"

"ಯಾವ ಜಡ್ಡು ಅಣ್ಣ?"

"ನಿನ್ನ ಮಂಡೀದು."

ಮುಡಿಯಪ್ಪ ಬಗ್ಗಿ ನೋಡಿಕೊಂಡ. ಬೆರಳಿನಿಂದ ತಟ್ಟಿದ. ಟಕ್ ಟಕ್ ಅಂದಿತು.

"ಅರೆ! ಇದ್ಯಾವಾಗ ಬಂತು? ಜನ ಮಂಡಿ ಮಂಡಿ ಅಂದಾಗೆಲ್ಲ ನನ್ನ ನಡಿಗೆ ಎಮ್ಮೆ ಥರ ಅದೆ ಅಂತ ಆಡ್ಕೊಳ್ತಾರೆ ಅಂದ್ಕೊಂಡಿದ್ದೆ."

ಇನ್ನಾಸಪ್ಪ ಗೋಡೆಯ ಕಡೆ ಹೊರಳಿದ. ಜಡ್ಡು ಇದ್ದೂ ಇದೆ ಅಂತ ಗೊತ್ತಿಲ್ಲದಿರುವುದು! ಅವನಿಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.

ಪಾಸ್ಕ ಹಬ್ಬದ ಬೆಳಿಗ್ಗೆ ಗುರುಗಳು ಮುಡಿಯಪ್ಪನ ತಲೆಯ ಮೇಲೆ ಕೈಯಿಟ್ಟರು. ಅವನು ತನ್ನ ಹಳೇ ಕಂಬಳಿ ಹೊದ್ದು ಹೊಳೆಯ ಮೇಲಿನ ಹಳ್ಳಿಗಳಿಗೆ ಹೊರಟುಹೋದ.

"ಕಾವಿ ಇಲ್ಲದೆ ಅವನು ಗುರು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?" ಅಂದ ಇನ್ನಾಸಪ್ಪ. ಧ್ವನಿಯಲ್ಲಿ ಸ್ವಲ್ಪ ಆಸೆ ಇನ್ನೂ ಇತ್ತು.

"ಗೊತ್ತಾಗದಿದ್ದರೆ ಅವನಿಗೇನು ನಷ್ಟ?"

"ಮತ್ತೆ ನಾನು?"

ಗುರುಗಳು ಗಂಜಿಯ ಮಡಕೆಯನ್ನು ಅವನ ಕೈಗೆ ಕೊಟ್ಟರು. "ತೋಮಪ್ಪ ಹಸಿದಿದ್ದಾನೆ."

ಮೊದಲನೆಯ ದಿನ ತೋಮಪ್ಪ ಕೈ ಸವರಿ ನೋಡಿ ಮಡಕೆ ತಳ್ಳಿದ. "ಯಾವನೋ ನೀನು? ಮುಡಿಯಪ್ಪ ಎಲ್ಲಿ?"

"ನಾನು ಇನ್ನಾಸಪ್ಪ. ಆಶ್ರಮದ ದೊಡ್ಡ ಶಿಷ್ಯ."

"ದೊಡ್ಡೋನಾದ್ರೆ ಬಗ್ಗೋ. ಗಂಜಿ ಎದೆ ಮೇಲೆ ಸುರೀತಿದೀಯ."

ಇನ್ನಾಸಪ್ಪ ಮುದುಕನನ್ನು ಒಲಿಸಲು ಕೀರ್ತನೆ ಎತ್ತಿದ.

"ಏಯ್, ಗದ್ದಲ ಮಾಡಬ್ಯಾಡ. ಇರೋ ಅರ್ಧ ಕಿವೀನೂ ಹೋಯ್ತದೆ."

ಇನ್ನೊಂದು ದಿನ, "ಗಂಜೀಲಿ ಏನೋ ಇದು, ಕುದುರೆ ಬಾಲ?" ಅಂದ. ಅದು ಗಡ್ಡ. ಇನ್ನಾಸಪ್ಪ ಗಡ್ಡವನ್ನು ಗಂಟು ಹಾಕಿದ. ಗಂಟು ಬಿಚ್ಚಿಕೊಂಡಿತು. ಒಂದು ಮಧ್ಯಾಹ್ನ ಕೋಪ ಬಂದು ಹಜಾಮನ ಹತ್ತಿರ ಹೋಗಿ ಬೋಳಿಸಿಕೊಂಡು ಬಂದ. ಆ ಗಡ್ಡದಲ್ಲಿ ಹಜಾಮ ಎರಡು ದಿಂಬು ತುಂಬಿದ.

ಪ್ರತಿ ದಿನವೂ ಮುದುಕನದು ಅದೇ ಮಾತು. "ಮುಡಿಯಪ್ಪ ಹಿಂಗ್ ಮಾಡ್ತಿರಲಿಲ್ಲ. ಮುಡಿಯಪ್ಪ ಹಂಗ್ ಹೊರಳಿಸ್ತಿದ್ದ." ಪ್ರತಿ ದಿನವೂ ಇನ್ನಾಸಪ್ಪ ಆ ಹೆಸರನ್ನು ಗಂಜಿಯ ಜೊತೆ ತಾನೂ ನುಂಗಿದ. ನಾಳೆಯಿಂದ ಬರುವುದಿಲ್ಲ ಅಂದುಕೊಂಡು ಹೋಗುತ್ತಿದ್ದ. ನಾಳೆ ಬರುತ್ತಿದ್ದ.

ಮಳೆಗಾಲ ಬಂತು. ಹೊಳೆ ಗುಡಿಸಲಿನ ಹೊಸ್ತಿಲ ತನಕ ಏರಿತು. ಮೂರು ದಿನ ಇನ್ನಾಸಪ್ಪ ಮುದುಕನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಹೊಳೆ ಇಳಿಯಿತು. ಚಳಿ ಬಂತು, ಹೋಯಿತು.

ಒಂದು ಮಧ್ಯಾಹ್ನ ಅವನು ನುಸುಳಿ ಒಳಗೆ ಬಂದು, ಮುದುಕನ ಕುತ್ತಿಗೆಯ ಕೆಳಗೆ ಮೆಲ್ಲಗೆ ಕೈಹಾಕಿ, "ಹೋ... ಹೋ..." ಅನ್ನುತ್ತ ಎತ್ತಿದ.

ತೋಮಪ್ಪನ ಮುಖ ಅರಳಿತು. "ಬಂದ್ಯಾ ಮುಡಿಯಪ್ಪ?"

ಇನ್ನಾಸಪ್ಪನ ಹೊಟ್ಟೆಯಲ್ಲಿ ಹಳೇ ಬೆಂಕಿ ಭಗ್ ಅಂದಿತು. ಅವನು ಮುದುಕನ ಕಿವಿಗೆ ಬಾಯಿಟ್ಟು ಕೂಗಿದ.

"ನಾನು ಇನ್ನಾಸಪ್ಪ!"

"ಯಾರು, ಆ ಗದ್ದಲದೋನಾ?" ಮುದುಕ ನಕ್ಕ. "ಅವ್ನು ಬರೋದು ಬಿಟ್ಟು ಬಾಳ ದಿನ ಆಯ್ತಲ್ಲಪ್ಪ."

ಇನ್ನಾಸಪ್ಪ ಗಂಜಿ ಕುಡಿಸಿ ಬಂದ. ಮಾರನೆಯ ದಿನವೂ ಅದೇ ಆಯಿತು. ಅದರ ಮಾರನೆಯ ದಿನವೂ ಅದೇ. ಕೊನೆಗೆ, ಗಂಜಿಯ ಮಡಕೆ ಹಿಡಿದುಕೊಂಡೇ ಗುರುಗಳ ಮುಂದೆ ನಿಂತ.

"ಗುರುವೇ, ಮುದುಕ ನನ್ನನ್ನ ಮುಡಿಯಪ್ಪ ಅಂತಾನೆ."

"ಹೂಂ."

"ಚಾಕರಿ ನನ್ನದು, ಹೆಸರು ಅವನದು."

"ಹೂಂ."

"ಮೊದಮೊದಲು ಹೊಟ್ಟೆ ಉರೀತಿತ್ತು. ಈಗ ಭಯ ಆಗ್ತಿದೆ. ಬೈಬಲಿನಲ್ಲಿ ತಮ್ಮನಾದ ಯಾಕೋಬ ತಾನೇ ಅಣ್ಣ ಅಂತ ಹೇಳಿ ಕುರುಡ ತಂದೆಗೆ ಮೋಸ ಮಾಡಲಿಲ್ವಾ? ನಾನೂ ಹಾಗೇ ಆಗಿಬಿಟ್ಟೆ. ನಾನು ಅವನಲ್ಲ ಅಂತ ಹೇಳಿದರೆ ಮುದುಕ ನಂಬಲ್ಲ. ಈ ಮೋಸ ಹೇಗೆ ನಿಲ್ಲಿಸಲಿ?"

ಅರುಳಪ್ಪ ಗುರುಗಳು ಮಡಕೆಯ ಮೇಲಿನ ಎಲೆಯನ್ನು ಸರಿಸಿ ಬೆರಳಿಟ್ಟು ನೋಡಿದರು. ಮತ್ತೆ ಮುಚ್ಚಿದರು.

"ಕಣ್ಣಿಲ್ಲದವನು ಅಷ್ಟು ಸುಲಭಕ್ಕೆ ಮೋಸ ಹೋಗಲ್ಲ ಕಣೋ" ಅಂದರು. "ಹೋಗು, ಗಂಜಿ ಆರ್ತಾ ಇದೆ."