ಬಿಳಿ ಕಲ್ಲಿನಾಚೆಯ ಕರೆ

“ಗುರುಗಳೇ, ಪರರು ಬಂದು ಆಳತೊಡಗಿದಾಗ ಜನ ಮೊದಲು ಕಳೆದುಕೊಳ್ಳುವುದು ಏನನ್ನು? ನೆಲವನ್ನೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಉತ್ತರವನ್ನು ಬಗಲಲ್ಲಿಟ್ಟುಕೊಂಡೇ ಪ್ರಶ್ನೆ ಕೇಳುತ್ತೀಯಲ್ಲ ಎಂದು ಗುರುಗಳು ನಕ್ಕು, ಈ ಕತೆ ಹೇಳಿದರು.

ಆಫ್ರಿಕದ ಹುಲ್ಲುಗಾವಲಿನಲ್ಲಿ ಮಸಾಯಿ ಎಂಬ ಜನರಿದ್ದಾರೆ. ದನವೇ ಅವರ ಬದುಕು. ಹುಲ್ಲು ತೀರಿದರೆ ಹಟ್ಟಿಯನ್ನು ಸುಟ್ಟು, ಮಳೆ ಬಿದ್ದ ಕಡೆಗೆ ಹೊರಡುವರು. ಅವರಲ್ಲಿ ಅರಸನಿರಲಿಲ್ಲ, ಹೊರಡುವುದೋ ನಿಲ್ಲುವುದೋ ಎಂದು ಹಿರಿಯರೆಲ್ಲ ಮರದ ಕೆಳಗೆ ಕೂತು, ಸಾಕುಸಾಕಾಗುವಷ್ಟು ಮಾತಾಡಿ ತೀರ್ಮಾನಿಸುವರು. ಹೊರಗಿನಿಂದ ಬಂದ ದೊರೆಗೆ ಅಷ್ಟು ಬಾಯಿಗಳೊಡನೆ ಮಾತಾಡುವ ಪುರುಸೊತ್ತಿರಲಿಲ್ಲ. ಅವನು ಒಬ್ಬ ದನಗಾಹಿಯನ್ನು ಆರಿಸಿ, ಕೆಂಪು ಕೋಟು ತೊಡಿಸಿ, ಇನ್ನು ನೀನೇ ಇವರ ಮುಖಂಡ ಎಂದ. ಬಡಗಣ ಹುಲ್ಲು ನಮ್ಮವರಿಗೆ ಬೇಕು, ಗಡಿಗೆ ಬಿಳಿ ಕಲ್ಲು ನೆಡಿಸಿದ್ದೇನೆ, ಯಾರೂ ದಾಟಕೂಡದೆಂದು ನೀನೇ ಸಾರು ಎಂದೂ ಹೇಳಿದ.

ದನಗಾಹಿಗೆ ಸಂಕಟವಾಯಿತು. ಒಪ್ಪದಿದ್ದರೆ ದನವೂ ಕೈತಪ್ಪೀತೆಂಬ ಭಯ. ಕೋಟೂ ಬೆಚ್ಚಗಿತ್ತೆನ್ನಿ. ಯಾರನ್ನೂ ಕೇಳದೆ ಮರದ ಕೆಳಗೆ ನಿಂತು ಸಾರಿಬಿಟ್ಟ. ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋದರು.

ಸಂಜೆ ಮುಳ್ಳುಬೇಲಿಯ ಬಾಗಿಲಲ್ಲಿ ನಿಂತು ಹಸುಗಳನ್ನು ಹೆಸರು ಹಿಡಿದು ಕರೆಯುವುದು ಅವನ ವಾಡಿಕೆ. ಅಂದೂ ಕರೆದ. ಎಲ್ಲಕ್ಕೂ ಮುಂದೆ ಓಡಿಬರುವ ಕರಿ ಹಸು ನರೋಕ್ ಬರಲಿಲ್ಲ. ಇಡೀ ಮಂದೆ ದೂರದಲ್ಲೇ ನಿಂತು, ಗುರುತಿಲ್ಲದವನನ್ನು ನೋಡುವಂತೆ ಅವನನ್ನು ನೋಡಿತು. ಅವನು ಕೋಟು ಕಳಚಿ ಎಸೆದು ಮತ್ತೆ ಕರೆದ. ಒಂದು ಹಸುವೂ ಕಿವಿ ಅಲ್ಲಾಡಿಸಲಿಲ್ಲ.

ಆಗ ಕಲ್ಲುಗಳ ಆಚೆಯಿಂದ, ಅವನ ಜನ ಸುಟ್ಟು ಬಂದಿದ್ದ ಹಳೆಯ ಹಟ್ಟಿಯ ಕಡೆಯಿಂದ, ಯಾರೋ “ನರೋಕ್” ಎಂದು ಕರೆದರು. ಮಂದೆ ಅತ್ತ ತಿರುಗಿತು. ಆ ದನಿ ದನಗಾಹಿಯದೇ. ಅದು ಒಂದೊಂದೇ ಹೆಸರು ಕರೆಯಿತು. ಕರೆದ ಹಸು ಕಲ್ಲು ದಾಟಿ ಮಬ್ಬಿನಲ್ಲಿ ಕಾಣದಾಯಿತು. ಹೆಂಡತಿ ಹೊರಗೆ ಬಂದು ಅವನನ್ನು ಕಂಡು ಬೆಚ್ಚಿದಳು.

“ನೀನು ಇಲ್ಲಿದ್ದೀಯಾ? ಹಾಗಾದರೆ ಅಲ್ಲಿ ಕರೆಯುತ್ತಿರುವವನು ಯಾರು?”

ಅವನು ಕಲ್ಲಿನವರೆಗೂ ಓಡಿದ. ಅಲ್ಲಿ ನಿಂತುಬಿಟ್ಟ. ಹಸುಗಳು ಮರಳಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಅವನೂ ದಾಟಿ ಹೋಗಬಹುದಿತ್ತಲ್ಲ. ಗಡಿಯ ಕಾವಲುಗಾರರು ಬಿಡಲಿಲ್ಲವೇ?”

ಗುರುಗಳು ಹೇಳಿದರು: “ಆ ಗಡಿಗಿದ್ದ ಕಾವಲುಗಾರ ಅವನೊಬ್ಬನೇ.”